22 ಗೇಜಿನ ಚೌಕಾಸಿ

ನಮ್ಮನೇಲಿ ಒಂದು ಮೊಳೆ ಹೊಡೀಬೇಕು ಅಂದ್ರೆ ಮೊದ್ಲು ಸುತ್ತಿಗೆ ಹುಡುಕೋ ಕಾರ್ಯಕ್ರಮ ಆಗ್ಬೇಕು, ಅದಕ್ಕೇ ಅರ್ಧ ದಿನ. ಕಟಿಂಗ್ ಪ್ಲೇಯರ್ ಬಿಸ್ಕತ್ ಡಬ್ಬದಲ್ಲಿ, ಪಾನಾಗಳು ಹಳೇ ಪೇಂಟ್ ಬಕೆಟ್‌ನಲ್ಲಿ, ಡ್ರಿಲ್ ಮಷೀನು ಮಂಚದ ಕೆಳಗೆ, ಅದರ ಬಿಟ್‌ಗಳು ದೇವರಮನೆ ಊದಿನಕಡ್ಡಿ ಡಬ್ಬದಲ್ಲಿ (ಯಾಕೆ ಅಂತ ಕೇಳ್ಬೇಡಿ, ಉದ್ದ ಸರಿಹೋಯ್ತು). ಕಾರು ಮಾರಿದ್ಮೇಲೆ ಶೆಡ್ಡು ಖಾಲಿ ಬಿದ್ದಿತ್ತಲ್ಲ, ಅದನ್ನೇ ವರ್ಕ್‌ಶಾಪ್ ಮಾಡ್ಕೊಂಡೆ, ಹಳೇ ಬಾಗಿಲಿಗೆ ಕಾಲು ಹಚ್ಚಿ ಮೇಜು, ಅದಕ್ಕೊಂದು ಬೆಂಚ್ ವೈಸು, ಇನ್ನು ಬಾಕಿ ಇದ್ದಿದ್ದು ದೊಡ್ಡದೊಂದು ಟೂಲ್ ಚೆಸ್ಟ್, ಅಂದ್ರೆ ಸಾಮಾನಿಡೋ ಡ್ರಾಗಳ ತಗಡಿನ ಬೀರು.

42 ಇಂಚು ಅಗಲ, ಏಳು ಡ್ರಾ ಅಂದೆ. ಹೆಂಡ್ತಿ "ನಿಮ್ಮತ್ರ ಇರೋ ಸಾಮಾನೆಲ್ಲ ಸೇರಿಸಿದ್ರೂ ಎರಡು ಡ್ರಾ ತುಂಬಲ್ಲ ಕಣ್ರೀ" ಅಂದ್ಲು. ಅಮ್ಮ ಮಾತ್ರ "ಅಷ್ಟು ದೊಡ್ಡದಾದ್ರೆ ಒಂದ್ ಮೂಟೆ ರಾಗಿನೂ ಹಾಕ್ಬೋದು ಬಿಡೋ" ಅಂತ ನನ್ನ ಪರ ನಿಂತ್ರು.

ಮೂರು ವಾರ ಫೋನಲ್ಲಿ ವಿಡಿಯೋ ನೋಡಿ ನೋಡಿ ನಾನೂ ಪಂಡಿತ ಆದೆ. ಎಲ್ರೂ ಹೇಳೋದು ಒಂದೇ, ತಗಡು ಎಷ್ಟು ದಪ್ಪ ಅಂತ ಹೇಳೋ ನಂಬರೇ ಗೇಜು, ಗೇಜ್ ನೋಡಿ, ಗೇಜ್ ನೋಡಿ. ಹೇಗೆ ನೋಡ್ಬೇಕು ಅನ್ನೋ ಭಾಗ ಬಂದಾಗ ನಾನು ಪ್ರಾಯಶಃ ಸ್ಕಿಪ್ ಮಾಡಿದ್ದೆ.

ನಮ್ಮ ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಕಡೆ ಬೀರು ಮಾಡೋರು ಒಬ್ರು ಇದಾರೆ ಅಂತ ಯಾರೋ ಹೇಳಿದ್ರು, ಹೋದೆ. ಅವರು ಎರಡು ಶೀಟು ತೋರಿಸಿ "ಇದು 18 ಗೇಜು ಸಾರ್, ಇದು 22" ಅಂದ್ರು. ನಾನು ಶೀಟು ಮುಟ್ಟಿ ನೋಡೋ ಗೋಜಿಗೇ ಹೋಗ್ಲಿಲ್ಲ, ಗೊತ್ತಿರೋನು ಮುಟ್ಟಿ ನೋಡ್ತಾನಾ? "ನೋಡಿ, ಈ 18 ಗಿ 18 ನನಗೆ ತೋರಿಸ್ಬೇಡಿ, ಮಾಡೋದಾದ್ರೆ 22ರಲ್ಲಿ ಮಾಡಿ, ಅದೂ 18ರ ರೇಟಿಗೆ, ಆಗತ್ತೆ ಅಂದ್ರೆ ಈಗ್ಲೇ ಅಡ್ವಾನ್ಸು" ಅಂದೆ. ಅವರು ನನ್ನ ಮುಖ ನೋಡಿದ್ರು, ವೆಲ್ಡಿಂಗ್ ಹುಡುಗನ ಮುಖ ನೋಡಿದ್ರು. "ಆಯ್ತು ಬಿಡಿ ಸಾರ್, ನಿಮಗೋಸ್ಕರ."

ಪಾಪ, ಒಳ್ಳೆಯವರು, ಇನ್ನೊಂದು ಮಾತೂ ಕೇಳಿದ್ರು, ಒಂದು ಡ್ರಾ ಎಳೆದ್ರೆ ಬಾಕಿಯವು ಲಾಕ್ ಆಗೋ ಹಂಗೆ ಮಾಡ್ಲಾ ಅಂತ. ನನ್ನ ಡ್ರಾ, ನನ್ನಿಷ್ಟ, ಏಳೂ ಒಟ್ಟಿಗೆ ಎಳೀತೀನಿ ಅಂದೆ. ಆ ಖುಷಿಗೆ ಕ್ಯಾತ್ಸಂದ್ರಕ್ಕೆ ಹೋಗಿ ಎರಡು ತಟ್ಟೆ ಇಡ್ಲಿ ತಿಂದೆ, ಅಂತರಸನಹಳ್ಳಿಯಿಂದ ಮನೆಗೆ ಬರೋ ದಾರೀಲಿ ಕ್ಯಾತ್ಸಂದ್ರ ಎಲ್ಲಿ ಬರತ್ತೆ ಅಂತ ತುಮಕೂರಿನೋರು ಕೇಳ್ಬೇಡಿ.

ಹದಿನೈದು ದಿನಕ್ಕೆ ಲಗೇಜ್ ಆಟೋದಲ್ಲಿ ಬಂತು, ಕೆಂಪು ಬಣ್ಣ, ಮದುವೆ ಹೆಣ್ಣಿನ ಥರ. ಇಬ್ರೇ ಹುಡುಗರು ಆರಾಮಾಗಿ ಎತ್ತಿ ಇಳಿಸಿದ್ರು, ಇಷ್ಟು ದಪ್ಪ ಶೀಟು ಇಷ್ಟು ಹಗುರ ಅಂದ್ರೆ ಏನ್ ಫಿನಿಶಿಂಗು ಅಂದ್ಕೊಂಡೆ. ಚಕ್ರಕ್ಕೆ ಬ್ರೇಕ್ ಹಾಕಿ ಸಾಮಾನು ಜೋಡಿಸಿದೆ. ನನಗೆ ಮಂಡಿನೋವು, ಬಗ್ಗಕ್ಕಾಗಲ್ಲ, ಹಂಗಾಗಿ ಪೈಪ್ ರೆಂಚು, ಗ್ರೈಂಡರು, ಸುತ್ತಿಗೆ ಇಂಥ ಭಾರದ್ದೆಲ್ಲ ಮೇಲಿನ ಮೂರು ಡ್ರಾಗೆ, ಉಪ್ಪುಕಾಗದ ಸ್ಕ್ರೂ ಗಿಕ್ರೂ ಕೆಳಗೆ.

ಎದುರುಮನೆ ಅಂಕಲ್‌ನ ಕರೆದೆ. ಅವರು ನಮ್ಮೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿ ಇದ್ದೋರು, ಅವರ ಅಷ್ಟೂ ಟೂಲ್ಸು ಒಂದು ಜಾಮಿಟ್ರಿ ಬಾಕ್ಸಲ್ಲಿ ಹಿಡಿಯತ್ತೆ. "ನೋಡಿ ಅಂಕಲ್, ಟೆಲಿಸ್ಕೋಪಿಕ್ ಚಾನೆಲ್ಲು, ಒಂದೇ ಬೆರಳು ಸಾಕು" ಅಂತ ಮೊದಲ ಡ್ರಾ ಎಳೆದೆ, ಬೆಣ್ಣೆ. ಎರಡನೇದು ಎಳೆದೆ. ಮೂರನೇದು ನಾನು ಎಳೀಲೇ ಇಲ್ಲ, ತಾನೇ ಬಂತು, ಯಾಕಂದ್ರೆ ಶೆಡ್ಡಿನ ನೆಲ ಕಾರು ತೊಳೆದ ನೀರು ಹೋಗ್ಲಿ ಅಂತ ಗೇಟಿನ ಕಡೆಗೆ ಇಳಿಜಾರು, ಅದು ನನಗೆ ಆಗ ಜ್ಞಾಪಕ ಬಂತು. ಅಂಕಲ್ ವಯಸ್ಸಿಗೆ ಮೀರಿ ಹಿಂದಕ್ಕೆ ಹಾರಿದ್ರು. ಕೆಂಪು ಸುಂದರಿ ನಿಧಾನವಾಗಿ ಮುಂದಕ್ಕೆ ಬಗ್ಗಿ ಅವರ ಕಾಲಿಗೆ ಸಾಷ್ಟಾಂಗ ನಮಸ್ಕಾರ ಮಾಡ್ತು. ಬ್ರೇಕ್ ಮಾತ್ರ ಕೊನೇವರೆಗೂ ಬಿಡ್ಲಿಲ್ಲ.

ಧೂಳು ಇಳಿದ್ಮೇಲೆ ಅಂಕಲ್ ಹತ್ರ ಬಂದು ನಜ್ಜುಗುಜ್ಜಾದ ಪಕ್ಕವನ್ನ ಬೆರಳಲ್ಲಿ ತಟ್ಟಿದ್ರು. ಎಣ್ಣೆ ಡಬ್ಬ ತಟ್ಟಿದಂಗೆ ಸದ್ದು. "ಎಷ್ಟು ಗೇಜಪ್ಪ ಇದು?"

ಆ ಸ್ಥಿತೀಲೂ ಎದೆ ಉಬ್ಬಿಸಿ "22!" ಅಂದೆ.

"ಅದಕ್ಕೇ ಹಿಂಗಾಗೈತೆ" ಅಂದ್ರು. ಗೇಜು ಅನ್ನೋದು ತಂತಿ ಎಳೆಯೋರ ಲೆಕ್ಕವಂತೆ, ಶಾವಿಗೆ ಒತ್ತಿದಂಗೆ ಸಣ್ಣ ತೂತಿಂದ ಇನ್ನೂ ಸಣ್ಣ ತೂತಿಗೆ ಎಳೆದಷ್ಟೂ ನಂಬರ್ ಏರತ್ತೆ, ತಂತಿ ತೆಳ್ಳಗಾಗತ್ತೆ, ಶೀಟಿಗೂ ಅದೇ ಲೆಕ್ಕ ಬಂದಿದೆ. 18 ಅಂದ್ರೆ ಸುಮಾರು 1.2 ಮಿಲಿಮೀಟರ್ ದಪ್ಪ, 22 ಅಂದ್ರೆ 0.7. ದಪ್ಪದ ದುಡ್ಡು ಕೊಟ್ಟು ತೆಳ್ಳಂದು ತಂದಿದ್ದೆ, ಅದೂ ಜಗಳ ಆಡಿ.

ಮಾರನೇ ದಿನ ಅದೇ ಲಗೇಜ್ ಆಟೋದಲ್ಲಿ ವಾಪಸ್ ತಗೊಂಡೋದೆ. ಅವರು ಏನೂ ಕೇಳ್ಲಿಲ್ಲ, ನಗಲೂ ಇಲ್ಲ. "ಎರಡೂ ಪಕ್ಕ ಬಿಚ್ಚಿ ಹೊಸ ಶೀಟ್ ಹಾಕ್ಬೇಕಾಗತ್ತೆ ಸಾರ್, ಎಷ್ಟು ಗೇಜ್ ಹಾಕ್ಲಿ?"

"18" ಅಂದೆ, ಆ ವೆಲ್ಡಿಂಗ್ ಹುಡುಗನಿಗೆ ಕೇಳಿಸದ ಹಾಗೆ.

"ಅದಕ್ಕೆ ರೇಟು ಸ್ವಲ್ಪ ಜಾಸ್ತಿ ಸಾರ್."