ನಕಾಶೆ ಕೊಟ್ಟು ಹೋಗಿ ಸ್ವಾಮಿ

ಕಾರವಾರದ ಟಾಗೋರ್ ಕಡಲತೀರ. ಚಾಪೆಲ್ ಯುದ್ಧನೌಕೆಯ ಎದುರು ಸೆಲ್ಫಿ ತೆಗೆಯುತ್ತಿದ್ದ ಹಿರಿಯರೊಬ್ಬರು ಈಗಷ್ಟೇ ತೀರ್ಪು ಕೊಟ್ಟರು: "ಹೋಗಿ ಹೊಡ್ದು ಬಂದ್ರೆ ಮುಗೀತು, ಆಮೇಲಿಂದು ಅವ್ರ ಹಣೆಬರಹ."

ಯಾರಿಗೆ ಮುಗೀತು ಮಾರಾಯ್ರೆ?

1964ರಿಂದ 1973ರವರೆಗೆ ಅಮೆರಿಕ ಲಾವೋಸ್ ಮೇಲೆ ಸುರಿದದ್ದು 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು. ಅದರಲ್ಲಿ ಕ್ಲಸ್ಟರ್ ಬಾಂಬಿನ, ಅಂದರೆ ಗಾಳಿಯಲ್ಲಿ ಬಾಯಿ ತೆರೆದು ಚಿಕ್ಕ ಚಿಕ್ಕ ಬಾಂಬು ಚೆಲ್ಲುವ ಬಾಂಬಿನ, ಮರಿಗಳೇ ಸುಮಾರು 27 ಕೋಟಿ, ಸಿಡಿಯದೆ ಉಳಿದವು ಅಂದಾಜು 8 ಕೋಟಿ. ಬಿಎಲ್‌ಯು-26 ಎಂಬ ಮರಿ ಬೀಳುವಾಗ ಗಿರಗಿರ ತಿರುಗಿದರೆ ಮಾತ್ರ ಅದನ್ನು ಸಿಡಿಸುವ ಫ್ಯೂಸ್ ಸಜ್ಜಾಗುತ್ತದೆ, ಆಮೇಲೆ ಗಟ್ಟಿ ನೆಲಕ್ಕೆ ಬಡಿಯಬೇಕು. ಬಿದಿರು ಮೆಳೆಗೆ ಸಿಕ್ಕಿತೋ, ನಮ್ಮ ಗಜನಿ ಗದ್ದೆಯಂಥ ಕೆಸರಿಗೆ ಬಿತ್ತೋ, ಸುಮ್ಮನೆ ಕೂರುತ್ತದೆ. ಗಾತ್ರ ಟೆನಿಸ್ ಚೆಂಡಿನಷ್ಟು. ಮಕ್ಕಳು ಎತ್ತುತ್ತಾರೆ, ಗುಜರಿ ಆಯುವವರು ಎತ್ತುತ್ತಾರೆ. ಹೂತದ್ದರ ಮೇಲೆ ಗೊತ್ತಿಲ್ಲದೆ ಒಲೆ ಹೂಡಿದರೂ ಸಾಕು, ಸಿಡಿಯುತ್ತದೆ.

ತೆಗೆಯುವ ಕೆಲಸವೋ! ಗದ್ದೆಗೆ ಹಗ್ಗ ಕಟ್ಟಿ ಪಟ್ಟಿ ಪಟ್ಟಿ ಮಾಡಿ ಲೋಹ ಹುಡುಕುವ ಡಿಟೆಕ್ಟರ್ ಆಡಿಸಬೇಕು. ಕೂಗಿದಲ್ಲೆಲ್ಲ ಗುರುತು ಹಾಕಿ, ಮೇಲಿಂದ ಕುಕ್ಕದೆ, ಪಕ್ಕದಿಂದ ಮಣ್ಣು ಸರಿಸಬೇಕು. ಸಿಕ್ಕಿದ್ದನ್ನು ಅಲುಗಿಸದೆ ಪಕ್ಕದಲ್ಲಿ ಸ್ಫೋಟಕ ಇಟ್ಟು ಅಲ್ಲೇ ಸಿಡಿಸಬೇಕು. ಡಿಟೆಕ್ಟರ್ ಮೊಳೆಗೂ ಕೂಗುತ್ತದೆ, ಹಳೆ ಚೂರಿಗೂ ಕೂಗುತ್ತದೆ. ಎಲ್ಲವನ್ನೂ ಬಾಂಬೆಂದೇ ಅಗೆಯಬೇಕು. ಒಬಾಮಾ ಲಾವೋಸಿಗೆ ಹೋಗಿ ಈ ಕೆಲಸಕ್ಕೆಂದು ಮೂರು ವರ್ಷಕ್ಕೆ 9 ಕೋಟಿ ಡಾಲರ್ ಘೋಷಿಸಿದ್ದು 2016ರಲ್ಲಿ. ಬಾಂಬು ನಿಂತು 43 ವರ್ಷಕ್ಕೆ. ಏನು ಔದಾರ್ಯ!

ಎಲ್ಲಿ ಹಾಕಿದೆವೆಂಬ ನಕಾಶೆ ಮೊದಲೇ ಸಿಕ್ಕರೆ ಅರ್ಧ ಊರು ಅಗೆಯುವುದು ತಪ್ಪುತ್ತದೆ. ಅದನ್ನೂ ಕೊಡುವುದಿಲ್ಲ. ಲೆಬನಾನಿನಲ್ಲಿ ಯುದ್ಧ ನಿಂತದ್ದು 2006ರ ಆಗಸ್ಟಿನಲ್ಲಿ, ಇಸ್ರೇಲ್ ಕ್ಲಸ್ಟರ್ ದಾಳಿಯ ನಕಾಶೆ ವಿಶ್ವಸಂಸ್ಥೆಗೆ ಕೊಟ್ಟದ್ದು 2009ರ ಮೇ ತಿಂಗಳಲ್ಲಿ. ನಡುವಿನ ಬೆಳೆ ರೈತರು ಹೇಗೆ ತೆಗೆದರೋ.

ಕಾನೂನು ಇಲ್ಲವೇ ಅಂದರೆ ಇದೆ. ಯುದ್ಧ ಮುಗಿದ ಮೇಲೂ ಸಿಡಿಯದೆ ಉಳಿದ ಬಾಂಬುಗಳ ಬಗ್ಗೆ ದೇಶಗಳು ಮಾಡಿಕೊಂಡ 2003ರ ಐದನೇ ಪ್ರೋಟೊಕಾಲ್, ಭಾರತವೂ ಒಪ್ಪಿದ್ದು. ತಡಮಾಡದೆ ಮಾಹಿತಿ ಕೊಡಿ ಎನ್ನುತ್ತದೆ, ಭದ್ರತೆಯ ಕಾರಣಕ್ಕೆ ವಿನಾಯಿತಿಯನ್ನೂ ಇಡುತ್ತದೆ. ಅದಕ್ಕೂ ಮೊದಲೇ ಬಿದ್ದ ಹಳೆಯ ಬಾಂಬುಗಳಿಗಾದರೆ ಪೆಟ್ಟು ತಿಂದ ದೇಶಕ್ಕೆ ಇರುವುದು ನೆರವು ಕೇಳುವ, ಸೂಕ್ತವೆನಿಸಿದರೆ ಪಡೆಯುವ ಹಕ್ಕು. ಸೂಕ್ತವೆನಿಸಿದರೆ!

"ಹಾಗಾದ್ರೆ 1971ರಲ್ಲಿ ನಾವು ಬಾಂಗ್ಲಾಕ್ಕೆ ಹೋಗಲೇಬಾರದಿತ್ತಾ?" ಅಂತ ಯಾರೋ ಬರುತ್ತೀರಿ, ಗೊತ್ತು. ಹೋದದ್ದು ಸರಿಯೇ. ಆದರೆ ಯುದ್ಧ ಗೆದ್ದ ಮೇಲೂ ಅಲ್ಲಿನ ಚಿತ್ತಗಾಂಗ್ ಬಂದರಿನಲ್ಲಿ ಮೈನುಗಳೂ ಮುಳುಗಿದ ಹಡಗುಗಳೂ ಇದ್ದವು. ಸೋವಿಯತ್ ನೌಕಾಪಡೆ 1972ರಿಂದ 74ರವರೆಗೆ ಕೂತು ತೆಗೆಯಿತು. ಹೋದದ್ದು ಸರಿ ಎಂದ ಮಾತ್ರಕ್ಕೆ ಉಳಿದ ಕೆಲಸ ಮನ್ನಾ ಆಗುವುದಿಲ್ಲ.

ಕ್ಲಸ್ಟರ್ ಬಾಂಬು ನಿಷೇಧಿಸುವ 2008ರ ಒಪ್ಪಂದಕ್ಕೆ ಅಮೆರಿಕ, ರಷ್ಯಾ, ಚೀನಾ, ಇಸ್ರೇಲ್ ಸೇರಿಲ್ಲ. ನಾವೂ ಸೇರಿಲ್ಲ. ಅದಕ್ಕೂ ಕಾರಣ ಗೊತ್ತಿದ್ದವರು ಕಾಮೆಂಟಿನಲ್ಲಿ ಬರೆಯಿರಿ, "ದೇಶದ್ರೋಹಿ" ಅಂತ ಬರೆದಾದ ಮೇಲೆ.