ಕಿಗಾಲಿ ಒಪ್ಪಂದ ಮತ್ತು ನಮ್ಮ ಎಸಿ ಮೆಕ್ಯಾನಿಕ್

ಸೆಪ್ಟೆಂಬರ್ 16, ಅಂದರೆ ಓಝೋನ್ ದಿನ ಬಂತೆಂದರೆ, ಬಿಸಿಲಿನ ಕೆಟ್ಟ ಕಿರಣ ತಡೆಯುವ ಆ ಪದರದ ನೆನಪಿಗೆ ಶಾಲೆಗಳಲ್ಲಿ ಭೂಮಿಗೆ ಕೊಡೆ ಹಿಡಿದ ಚಿತ್ರ ಬರೆಸುತ್ತಾರೆ. ದೊಡ್ಡವರು ಫೇಸ್‌ಬುಕ್ಕಿನಲ್ಲಿ "ಓಝೋನ್ ಉಳಿಸೋಕೆ ಜಗತ್ತೆಲ್ಲ ಒಂದಾಯ್ತು, ಹವಾಮಾನಕ್ಕೆ ಯಾಕೆ ಆಗ್ತಿಲ್ಲ?" ಅಂತ ಬರೀತಾರೆ. ಜಗತ್ತು ಅಷ್ಟು ಸಲೀಸಾಗಿ ಒಂದಾಗಲಿಲ್ಲ ಮಾರಾಯ್ರೆ. ಚೌಕಾಸಿ ಮಾಡಿ, ದುಡ್ಡು ಎಣಿಸಿ ಆದ ಕೆಲಸ ಅದು. ಹಾಗೆ ಆದದ್ದರಿಂದಲೇ ಗಟ್ಟಿಯಾಗಿ ಉಳಿಯಿತು ಅನ್ನೋದು ನನ್ನ ಅಭಿಪ್ರಾಯ.

ಫ್ರಿಜ್ಜು, ಸ್ಪ್ರೇ ಡಬ್ಬಿಗಳಲ್ಲಿದ್ದ ಸಿಎಫ್‌ಸಿ ಅನಿಲ ಮೇಲಕ್ಕೆ ಹೋಗಿ ಓಝೋನನ್ನು ತಿನ್ನುತ್ತದೆ ಎಂದು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲೇ ಹೇಳಿದ್ದರು. 1985ರಲ್ಲಿ ಅಂಟಾರ್ಕ್ಟಿಕಾದ ಹ್ಯಾಲಿ ಸಂಶೋಧನಾ ನಿಲ್ದಾಣದ ಅಳತೆಗಳನ್ನು ಬ್ರಿಟಿಷ್ ವಿಜ್ಞಾನಿಗಳು ಪ್ರಕಟಿಸಿ, ಅಲ್ಲಿ ಓಝೋನ್ ಪದರ ತೂತು ಬಿದ್ದಂತೆ ತೆಳುವಾಗಿದೆ ಎಂದು ತೋರಿಸಿದ ಮೇಲೆ ಯಾರಿಗೂ ಜಾರಿಕೊಳ್ಳಲು ದಾರಿ ಇರಲಿಲ್ಲ. 1987ರಲ್ಲಿ ಇಂಥ ಅನಿಲಗಳನ್ನು ಇಳಿಸುವ ಮಾಂಟ್ರಿಯಲ್ ಒಪ್ಪಂದವಾಯಿತು. ಆದರೆ ಭಾರತ, ಚೀನಾ ಎರಡೂ ಹೊರಗೇ ಉಳಿದವು. ನಮ್ಮ ವಾದ ಸರಳವಾಗಿತ್ತು: ತೂತು ಮಾಡಿದವರು ನೀವು, ನಮ್ಮಲ್ಲಿ ಫ್ರಿಜ್ಜು ಇರೋ ಮನೆಗಳನ್ನ ಬೆರಳಲ್ಲಿ ಎಣಿಸಬಹುದು, ಬದಲಿ ಅನಿಲದ ಪೇಟೆಂಟೂ ನಿಮ್ಮದೇ ಕಂಪನಿಗಳ ಕೈಲಿದೆ, ಖರ್ಚು ಮಾತ್ರ ನಮ್ಮ ತಲೆ ಮೇಲಾ? 1990ರ ಲಂಡನ್ ಸಭೆಯಲ್ಲಿ ಪರಿಸರ ಸಚಿವೆಯಾಗಿದ್ದ ಮನೇಕಾ ಗಾಂಧಿ ಇದನ್ನೇ ಪಟ್ಟು ಹಿಡಿದು ಕೇಳಿದರು. ಬಡ ದೇಶಗಳ ಕಾರ್ಖಾನೆಗಳು ಬದಲಾಗಲು ಶ್ರೀಮಂತ ದೇಶಗಳು ಹಣ ಕೊಡಬೇಕೆಂಬ ನಿಧಿ ಹುಟ್ಟಿದ್ದು ಆ ಸಭೆಯಲ್ಲಿ. ಭಾರತ 1992ರಲ್ಲಿ ಸೇರಿತು. 2010ರವರೆಗೆ ಗಡುವು ಇದ್ದರೂ 2008ರ ಆಗಸ್ಟ್‌ಗೇ ಸಿಎಫ್‌ಸಿ ತಯಾರಿಕೆ ನಿಲ್ಲಿಸಿದೆವು, ಅಸ್ತಮಾದ ಇನ್‌ಹೇಲರ್‌ಗಳಿಗೆ ಬೇಕಾದಷ್ಟನ್ನು ಬಿಟ್ಟು. ಲಂಡನ್ನಿನ ಆ ಪಟ್ಟನ್ನು ಆಗ ಹಟಮಾರಿತನ ಅಂದವರಿದ್ದರು. ನಾನು ಹಾಗೆ ಅನ್ನಲಾರೆ. ಆ ದುಡ್ಡು ಬರದೇ ಇದ್ದಿದ್ದರೆ ಒಪ್ಪಂದ ಕಾಗದದಲ್ಲೇ ಉಳಿಯುತ್ತಿತ್ತು.

ಈಗಿನ ಅಂದಾಜಿನಂತೆ ಜಗತ್ತಿನ ಬಹುಭಾಗದಲ್ಲಿ ಓಝೋನ್ 2040ರ ಹೊತ್ತಿಗೆ, ಅಂಟಾರ್ಕ್ಟಿಕಾದ ಮೇಲೆ 2066ರ ಸುಮಾರಿಗೆ 1980ರ ಮಟ್ಟಕ್ಕೆ ಬರುತ್ತದೆ. ಖುಷಿಯ ಸುದ್ದಿಯೇ. ಆದರೆ ಸಿಎಫ್‌ಸಿ ಜಾಗಕ್ಕೆ ಕೊನೆಗೆ ಬಂದು ಕೂತದ್ದು ಎಚ್‌ಎಫ್‌ಸಿ ಎಂಬ ಇನ್ನೊಂದು ಬಗೆಯ ಅನಿಲ. ಓಝೋನಿಗೆ ಏನೂ ಮಾಡದು, ಭೂಮಿಯನ್ನು ಮಾತ್ರ ಚೆನ್ನಾಗಿ ಬಿಸಿ ಮಾಡುತ್ತದೆ. ನಮ್ಮ ಎಷ್ಟೋ ಎಸಿಗಳಲ್ಲಿರುವ ಆರ್-410ಎ ಎಂಬ ಎಚ್‌ಎಫ್‌ಸಿ ಒಂದು ಕಿಲೋ ಸೋರಿದರೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಅಂದರೆ ಹತ್ತಿರ ಹತ್ತಿರ 900 ಲೀಟರ್ ಪೆಟ್ರೋಲ್ ಸುಟ್ಟ ಲೆಕ್ಕ! ಹೊಸ ಎಸಿಗಳ ಆರ್-32 ಇದರ ಮೂರನೇ ಒಂದು ಭಾಗ ಅಷ್ಟೆ, ಹಾಗಂತ ಸಾಧುವೇನಲ್ಲ.

ಇದಕ್ಕೇ 2016ರ ಅಕ್ಟೋಬರಿನಲ್ಲಿ ರುವಾಂಡಾದ ಕಿಗಾಲಿಯಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ತಿದ್ದುಪಡಿ ತಂದರು. ಶ್ರೀಮಂತ ದೇಶಗಳು ಎಚ್‌ಎಫ್‌ಸಿ ಬಳಕೆಯನ್ನು 2019ರಿಂದಲೇ ಇಳಿಸಬೇಕು, ಚೀನಾ 2024ಕ್ಕೆ ಏರಿಕೆ ನಿಲ್ಲಿಸಬೇಕು, ಭಾರತಕ್ಕೆ 2028. ಆಮೇಲೆ ನಾವು 2032ಕ್ಕೆ ಶೇ. 10, 2037ಕ್ಕೆ 20, 2042ಕ್ಕೆ 30, 2047ಕ್ಕೆ 85 ಇಳಿಸಬೇಕು. ಕೊನೆಯ ಐದು ವರ್ಷದ ಆ ಜಿಗಿತ ನೋಡಿದಿರಾ? ಇಳಿಕೆ ಎಲ್ಲಿಂದ ಅಂತ ಲೆಕ್ಕ ಹಾಕುವುದು ಮುಖ್ಯವಾಗಿ 2024, 25, 26ರ ಸರಾಸರಿ ಬಳಕೆಯನ್ನು ಹಿಡಿದು. ಆ ಮೂರು ವರ್ಷ ಹೆಚ್ಚು ಬಳಸಿದಷ್ಟೂ ಮುಂದೆ ಹೆಚ್ಚು ಪಾಲು. ಇಂಥ ಲೆಕ್ಕಕ್ಕೆ ಯಾವ ವ್ಯಾಪಾರಿ ತಾನೇ ಕೈ ಬಿಗಿ ಹಿಡಿದಾನು?

ದುಡ್ಡಿನ ಆಸೆ ಉಲ್ಟಾ ಹೊಡೆದದ್ದೂ ಉಂಟು. ಹಳೇ ಎಸಿಗಳ ಅನಿಲವಾದ ಆರ್-22 ತಯಾರಿಸುವಾಗ ಜೊತೆಗೆ ಹುಟ್ಟುವ, ಭೂಮಿಯನ್ನು ಬಿಸಿ ಮಾಡುವ ಎಚ್‌ಎಫ್‌ಸಿ-23 ಅನ್ನು ಸುಟ್ಟರೆ ಕಾರ್ಬನ್ ಕ್ರೆಡಿಟ್, ಅಂದರೆ ಮಾಲಿನ್ಯ ತಗ್ಗಿಸಿದ್ದಕ್ಕೆ ಮಾರಬಹುದಾದ ಪತ್ರ, ಸಿಗುತ್ತಿತ್ತು. ಚೀನಾದಲ್ಲೂ ನಮ್ಮಲ್ಲೂ ಅದರಿಂದ ಭಾರೀ ಲಾಭ ಬಂತು. ಸುಡುವ ಲಾಭಕ್ಕಾಗಿಯೇ ಆರ್-22 ಹೆಚ್ಚು ತಯಾರಿಸುತ್ತಾರೆ ಎಂಬ ದೂರೂ ಬಂತು. 2013ರಿಂದ ಯುರೋಪ್ ಆ ಕ್ರೆಡಿಟ್ ಕೊಳ್ಳುವುದನ್ನು ನಿಲ್ಲಿಸಿತು. ನಿಮ್ಮ ಖರ್ಚಲ್ಲೇ ಸುಡಿ ಎಂದು ಭಾರತ ಸರ್ಕಾರ ಕಂಪನಿಗಳಿಗೆ ಹೇಳಿದ್ದು ಕಿಗಾಲಿ ಸಭೆ ನಡೆಯುತ್ತಿದ್ದಾಗಲೇ. ಒಳ್ಳೆಯ ಹೆಜ್ಜೆ, ತಡವಾಗಿ.

ಈಗ ನನ್ನ ಅಸಲಿ ತಕರಾರಿಗೆ ಬರ್ತೀನಿ. ಸಿಎಫ್‌ಸಿ ಕಾಲದಲ್ಲಿ ಹಿಡಿಯಬೇಕಿದ್ದದ್ದು ಬೆರಳೆಣಿಕೆಯ ಕಾರ್ಖಾನೆಗಳನ್ನು. ಎಚ್‌ಎಫ್‌ಸಿ ಬೀದಿ ಬೀದಿಯಲ್ಲಿದೆ. ಫ್ಯಾನೂ ಬೇಡ ಅನ್ನುತ್ತಿದ್ದ ಬೆಂಗಳೂರಲ್ಲೇ ಈಗ ಫ್ಲ್ಯಾಟ್‌ಗಳಲ್ಲಿ ಎಸಿ ಕಾಣಿಸುತ್ತದೆ. ರಾಯಚೂರು, ಕಲಬುರಗಿಯವರನ್ನು ಕೇಳಲೇಬೇಡಿ, ಅಲ್ಲಿ ಅದು ಶೋಕಿಯಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದ ಮೆಕ್ಯಾನಿಕ್ ಹೊರಗಿನ ಯೂನಿಟ್ಟಿಗೆ ಗೇಜ್ ಹಾಕಿ ನೋಡಿ, "ಗ್ಯಾಸ್ ಕಮ್ಮಿಯಾಗಿದೆ ಸಾರ್, ಪೂರ್ತಿ ತೆಗೆದು ಹೊಸದು ತುಂಬಬೇಕು" ಅಂದ. ಉಳಿದ ಗ್ಯಾಸನ್ನು ಏನು ಮಾಡ್ತೀಯಪ್ಪಾ ಅಂತ ಕೇಳುವಷ್ಟರಲ್ಲಿ ವಾಲ್ವ್ ಬಿಟ್ಟಿದ್ದ. ಸುಂಯ್ ಅಂತ ಹೋಯಿತು. ಸೋರುತ್ತಿದ್ದ ಜಾಯಿಂಟಿಗೆ ಸೋಪ್ ನೀರು ಹಚ್ಚಿ ನೋಡಲೂ ಇಲ್ಲ. ತುಂಬಿದ, ದುಡ್ಡು ಇಸಕೊಂಡ, ಮುಂದಿನ ಮನೆಗೆ ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಗ್ಯಾಸನ್ನು ವಾಪಸ್ ಸಿಲಿಂಡರಿಗೆ ಎಳೆಯೋ ಮೆಷಿನ್ ಬೇಕು, ಅದನ್ನು ಹೊತ್ತು ಮೂರನೇ ಮಹಡಿ ಹತ್ತಬೇಕು, ಅರ್ಧ ಗಂಟೆ ಹೆಚ್ಚು ನಿಲ್ಲಬೇಕು. ಆ ಅರ್ಧ ಗಂಟೆಗೆ ಅವನಿಗೆ ಯಾರೂ ಕೊಡುವುದಿಲ್ಲ, ನಾನೂ ಕೊಟ್ಟಿಲ್ಲ. ಹಳೇ ಎಸಿ ಗುಜರಿಗೆ ಹೋದಾಗಲೂ ಇದೇ ಕಥೆ. ತಾಮ್ರದ ಪೈಪಿಗೆ ಬೆಲೆ ಇದೆ, ಒಳಗಿನ ಗ್ಯಾಸಿಗಿಲ್ಲ.

2019ರ ಭಾರತದ ಕೂಲಿಂಗ್ ಆಕ್ಷನ್ ಪ್ಲಾನ್‌ನಲ್ಲಿ ಒಂದು ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ, ಸರ್ಟಿಫಿಕೇಟ್ ಅಂತ ಬರೆದಿದೆ. ಒಳ್ಳೆಯದೇ. ಸರ್ಟಿಫಿಕೇಟ್ ಇದ್ದವನಿಗೂ ಗ್ಯಾಸ್ ಬಿಡೋದೇ ಅಗ್ಗವಾಗಿದ್ದರೆ ಅವನು ಬಿಡುತ್ತಾನೆ. ಲಂಡನ್ನಿನಲ್ಲಿ ನಾವು ಶ್ರೀಮಂತ ದೇಶಗಳಿಗೆ ಹೇಳಿದ್ದೇನು? ಬದಲಾಗು ಅಂದರೆ ಸಾಲದು, ಬದಲಾಗುವ ಖರ್ಚು ಕೊಡು ಅಂತ ತಾನೆ? ಅದೇ ಮಾತನ್ನು ಈ ಹುಡುಗ ನಮಗೆ ಹೇಳಿದರೆ ಉತ್ತರವೇನು? ಎಸಿ ಮಾರುವಾಗಲೇ ಒಂದಿಷ್ಟು ಠೇವಣಿ ಇಟ್ಟುಕೊಂಡು, ಹಳೇ ಗ್ಯಾಸ್ ತಂದು ಒಪ್ಪಿಸಿದ ಮೆಕ್ಯಾನಿಕ್‌ಗೋ ಗುಜರಿಯವನಿಗೋ ಕಿಲೋ ಲೆಕ್ಕದಲ್ಲಿ ಕೊಡಲಿ. ಎಸಿ ಬೆಲೆ ಸ್ವಲ್ಪ ಏರುತ್ತದೆ, ಏರಲಿ. ಅಲ್ಲಿಯವರೆಗೆ "ಗ್ಯಾಸ್ ಹಾಕ್ಬೇಕು" ಅಂತ ಯಾರಾದರೂ ಬಂದರೆ ಮೊದಲು ಸೋಪ್ ನೀರು ಹಚ್ಚಿ ಲೀಕ್ ಎಲ್ಲಿದೆ ತೋರಿಸು ಅನ್ನಿ. ಎಸಿಯ ಗ್ಯಾಸು ಖರ್ಚಾಗುವ ವಸ್ತುವಲ್ಲ, ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿದೆ. ಅದನ್ನು ಮುಚ್ಚಿದ್ದಕ್ಕೆ ಅವನು ಇನ್ನೂರು ಮುನ್ನೂರು ಹೆಚ್ಚು ಕೇಳಿದರೆ ಚೌಕಾಸಿ ಮಾಡಬೇಡಿ.