ಪಟ್ಟಿ ಮೇಲೋ, ವಯಲ್ ಮೇಲೋ?

ನಾನಿರುವ ಇಂಗ್ಲೆಂಡಿನಲ್ಲಿ ಕೊರೊನಾ ಲಸಿಕೆ ಶುರುವಾದದ್ದು 2020ರ ಡಿಸೆಂಬರ್ 8ಕ್ಕೆ, ನಮ್ಮ ಭಾರತದಲ್ಲಿ 2021ರ ಜನವರಿ 16ಕ್ಕೆ. ನಡುವೆ ಆರು ವಾರವೂ ಇಲ್ಲ. ಆದರೆ ಆಸ್ಪತ್ರೆಯವರಿಗೆ ಲಸಿಕೆ ಹಾಕಿದ ಬಗೆಯಲ್ಲಿ ಅಜಗಜಾಂತರ. ಊರಿಗೆ ಫೋನ್ ಮಾಡಿದರೆ "ನಿಮ್ಮಲ್ಲಿ ಬಿಡಿ, ಎಲ್ಲ ಶಿಸ್ತು" ಅನ್ನುತ್ತಾರೆ. ಇಲ್ಲಿನ ಕನ್ನಡಿಗರು ನಾಲ್ಕು ಜನ ಸೇರಿದರೆ "ಭಾರತದಲ್ಲಿ ಅಷ್ಟು ಜನಕ್ಕೆ ಹೇಗೆ ಹಾಕಿದರು ನೋಡ್ರೀ" ಅನ್ನುತ್ತಾರೆ. ಎರಡೂ ಅರ್ಧರ್ಧ ನಿಜ. ನನ್ನ ಪ್ರಕಾರ ನಮ್ಮವರು ಯಾರಿಗೆ ಮೊದಲು ಅನ್ನುವುದನ್ನು ಸರಿಯಾಗಿ ಹಿಡಿದರು, ಹೆಸರಿನ ಪಟ್ಟಿಗೆ ಬೀಗ ಜಡಿದು ಎಡವಿದರು. ಇಲ್ಲಿಯವರು ವಯಲ್ (ಲಸಿಕೆಯ ಪುಟ್ಟ ಸೀಸೆ) ತಳದ ಕೊನೆಯ ಹನಿಯನ್ನೂ ಬಿಡಲಿಲ್ಲ, ಆದರೆ ತಾವೇ ಹಾಕಿಕೊಂಡ ಸರದಿಯನ್ನು ಮೊದಲ ವಾರವೇ ಪಾಲಿಸಲಾಗಲಿಲ್ಲ.

ಬ್ರಿಟನ್ನಿನ ಸರದಿಯಲ್ಲಿ ಮೊದಲನೆಯವರು ವೃದ್ಧಾಶ್ರಮದ ಹಿರಿಯರು ಮತ್ತು ಅವರನ್ನು ನೋಡಿಕೊಳ್ಳುವವರು. ಎಂಬತ್ತು ದಾಟಿದವರ ಜೊತೆ ಆಸ್ಪತ್ರೆ ಸಿಬ್ಬಂದಿಯದು ಎರಡನೆಯ ಸಾಲು. ಸಾವು ಎಲ್ಲಿ ಹೆಚ್ಚೋ ಅಲ್ಲಿಗೆ ಮೊದಲು ಅನ್ನುವ ಲೆಕ್ಕ. ಭಾರತದ ಲೆಕ್ಕ ಬೇರೆ: ಮೊದಲು ಸುಮಾರು ಒಂದು ಕೋಟಿ ಆರೋಗ್ಯ ಕಾರ್ಯಕರ್ತರು, ಆಮೇಲೆ ಎರಡು ಕೋಟಿ ಪೊಲೀಸರು, ಪೌರಕಾರ್ಮಿಕರು ಮುಂತಾದವರು, ಹಿರಿಯರು ಮಾರ್ಚ್ 1ರಿಂದ. ನಮ್ಮ ಪರಿಸ್ಥಿತಿಗೆ ಇದೇ ಸರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇರುವ ಒಬ್ಬರೇ ಅರಿವಳಿಕೆ ಡಾಕ್ಟರು ಹದಿನೈದು ದಿನ ಮಲಗಿದರೆ ಆ ತಾಲ್ಲೂಕಿನ ಸಿಸೇರಿಯನ್ನುಗಳೆಲ್ಲ ಜಿಲ್ಲಾಸ್ಪತ್ರೆಯ ದಾರಿ ಹಿಡಿಯಬೇಕು. ಇನ್ನೊಂದು ವಿಷಯ ನಮ್ಮವರು ಮೊದಲೇ ತೀರ್ಮಾನ ಮಾಡಿದ್ದರು. ಆರೋಗ್ಯ ಕಾರ್ಯಕರ್ತರು ಅಂದರೆ ಡಾಕ್ಟರು, ನರ್ಸು ಅಷ್ಟೇ ಅಲ್ಲ. ಆಶಾ, ಅಂಗನವಾಡಿ, ಡಿ ಗ್ರೂಪ್, ಆಂಬುಲೆನ್ಸ್ ಚಾಲಕ, ಮೆಡಿಕಲ್ ವಿದ್ಯಾರ್ಥಿ, ಖಾಸಗಿ ಕ್ಲಿನಿಕ್ಕಿನ ಸಹಾಯಕಿ ಎಲ್ಲರೂ ಅದರೊಳಗೆ ಬಂದರು. ಸೋಂಕಿನ ವಾರ್ಡಿನ ನೆಲ ಒರೆಸುವವರಿಗೆ ಅಲ್ಲಿ ಬಂದು ಹೋಗುವ ಕನ್ಸಲ್ಟೆಂಟಿಗಿಂತ ಅಪಾಯ ಹೆಚ್ಚು ಅನ್ನುವುದು ವಾರ್ಡ್ ಕಂಡ ಯಾರಿಗೂ ಗೊತ್ತು.

ಇಂಗ್ಲೆಂಡಿನ ಸರದಿ ಮುರಿದದ್ದು ಒಂದು ಪೆಟ್ಟಿಗೆಯಿಂದ. ಫೈಜರ್ ಲಸಿಕೆಯನ್ನು ಆಗ ಮೈನಸ್ 70 ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕಿತ್ತು. ಒಂದು ಟ್ರೇಯಲ್ಲಿ 195 ವಯಲ್, ವಯಲ್‌ಗೆ ಐದರಂತೆ 975 ಡೋಸ್. ಕರಗಿಸಿ ಮಾಮೂಲಿ ಫ್ರಿಜ್ಜಿಗೆ ಇಟ್ಟರೆ ಆಗ ಇದ್ದ ಗಡುವು ಐದೇ ದಿನ. ಟ್ರೇಯನ್ನು ಒಡೆದು ಸಣ್ಣ ಪಾಲು ಮಾಡಿ ಕಳಿಸುವ ವ್ಯವಸ್ಥೆ ಮೊದಲ ದಿನಗಳಲ್ಲಿ ಇರಲಿಲ್ಲ. ಮೂವತ್ತು ಹಿರಿಯರಿರುವ ವೃದ್ಧಾಶ್ರಮಕ್ಕೆ 975 ಡೋಸ್ ಒಯ್ದು ಏನು ಮಾಡುವುದು? ಹಾಗಾಗಿ ಲಸಿಕೆ ದೊಡ್ಡ ಆಸ್ಪತ್ರೆಗಳಲ್ಲೇ ಉಳಿಯಿತು. ಎಂಬತ್ತು ದಾಟಿದವರನ್ನೂ ವೃದ್ಧಾಶ್ರಮದ ಕೆಲಸಗಾರರನ್ನೂ ಅಲ್ಲಿಗೇ ಕರೆಸಿದರು, ಉಳಿದ ಜಾಗಕ್ಕೆ ಆಸ್ಪತ್ರೆಯ ಸಿಬ್ಬಂದಿಯನ್ನು ತುಂಬಿದರು. ಸರದಿಯಲ್ಲಿ ಮೊದಲನೆಯವರಾದ ವೃದ್ಧಾಶ್ರಮದ ಅಜ್ಜ ಅಜ್ಜಿಯರು ಕಾದರು. ಸರದಿ ಬರೆಯುವವರು ಫ್ರೀಜರ್ ನೋಡಿಕೊಳ್ಳುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದಿದ್ದರೆ ಹೀಗೇ.

ನಮ್ಮಲ್ಲಿ ಈ ತೊಂದರೆ ಇರಲಿಲ್ಲ. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡಕ್ಕೂ 2ರಿಂದ 8 ಡಿಗ್ರಿ ಸಾಕು. ಪೋಲಿಯೊ, ದಡಾರದ ಲಸಿಕೆ ಇಡುವ ಐಎಲ್‌ಆರ್ ಅನ್ನುವ ಫ್ರಿಜ್ಜು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದ್ದೇ ಇತ್ತು. ಅದರಲ್ಲಿ ಕೈ ಪಳಗಿದ ಎಎನ್‌ಎಂಗಳೂ (ಆರೋಗ್ಯ ಸಹಾಯಕಿಯರು) ಇದ್ದರು. ಲಸಿಕೆ ಒಯ್ಯುವ ಪೆಟ್ಟಿಗೆಗೆ ನಾಲ್ಕು ಐಸ್ ಪ್ಯಾಕ್ ಇಡುತ್ತಾರಲ್ಲ, ಫ್ರೀಜರಿನಿಂದ ತೆಗೆದ ಕೂಡಲೇ ಇಡುವಂತಿಲ್ಲ. ಮೈಮೇಲೆ ಬೆವರಿಳಿಯಲು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರು ಗುಳಗುಳ ಅಂದಮೇಲೆ ಇಡಬೇಕು. ಕಲ್ಲಾಗಿರುವ ಐಸ್ ಪ್ಯಾಕ್‌ಗೆ ತಾಗಿ ಹೆಪ್ಪುಗಟ್ಟಿದ ಲಸಿಕೆ ಕೆಟ್ಟ ಹಾಗೆ, ಆಮೇಲೆ ಕರಗಿದರೂ ಬಳಸುವಂತಿಲ್ಲ. ನಮ್ಮ ಎಎನ್‌ಎಂಗಳಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ.

ಎಡವಿದ್ದು ಲಸಿಕೆ ನೋಂದಣಿಯ ಸಾಫ್ಟ್‌ವೇರ್ ಕೋವಿನ್‌ನಲ್ಲಿ. ಪ್ರತಿ ಕೇಂದ್ರಕ್ಕೆ ದಿನಕ್ಕೆ ನೂರು ಹೆಸರು. ಆ ಹೆಸರುಗಳು ಆಸ್ಪತ್ರೆಗಳು ವಾರಗಳ ಮುಂಚೆ ಕಳಿಸಿದ ಪಟ್ಟಿಯಿಂದ ಬರುತ್ತಿದ್ದವು. ಇಂಥ ಪಟ್ಟಿಯಲ್ಲಿ ಕೆಲಸ ಬಿಟ್ಟವರೂ ಇರುತ್ತಾರೆ, ಬಾಣಂತಿಯರೂ ಇರುತ್ತಾರೆ, ನಂಬರ್ ಬದಲಾಯಿಸಿದವರೂ ಇರುತ್ತಾರೆ. ಮೆಸೇಜು ಹೋಗದವರು ಬರಲಿಲ್ಲ. ಹೆಸರಿಲ್ಲದೆ ಬಾಗಿಲಲ್ಲಿ ನಿಂತವರಿಗೆ ಮೊದಲ ದಿನಗಳಲ್ಲಿ ಹಾಕುವಂತಿರಲಿಲ್ಲ. ಇದಕ್ಕೆ ವಯಲ್ ಲೆಕ್ಕ ಕೂಡಿಸಿ ನೋಡಿ. ಕೋವಿಶೀಲ್ಡ್ ವಯಲ್‌ನಲ್ಲಿ ಹತ್ತು ಡೋಸ್, ತೆರೆದ ಮೇಲೆ ನಾಲ್ಕು ಗಂಟೆ ಗಡುವು. ನೂರು ಜನರಲ್ಲಿ 45 ಜನ ಬಂದರೆ ಐದು ವಯಲ್ ತೆರೆಯಬೇಕು, ಐದು ಡೋಸ್ ಚೆಲ್ಲಬೇಕು. ನೂರಕ್ಕೆ ಹತ್ತು ಹಾಳು. ಕೋವ್ಯಾಕ್ಸಿನ್ ಮೊದಲು ಬಂದದ್ದು 20 ಡೋಸಿನ ವಯಲ್‌ನಲ್ಲಿ. ಅದೇ 45 ಜನಕ್ಕೆ ಮೂರು ವಯಲ್, 15 ಡೋಸ್ ಕಸಕ್ಕೆ; ನೂರಕ್ಕೆ 25. ಜನ ಅಷ್ಟೇ, ನರ್ಸ್ ಅವರೇ, ನಷ್ಟದ ಪ್ರಮಾಣ ಎರಡೂವರೆ ಪಟ್ಟು. ವಯಲ್ ದೊಡ್ಡದಾದಷ್ಟೂ ಪಟ್ಟಿ ಸಡಿಲವಾಗಿರಬೇಕು ಅನ್ನುವುದು ಮಗ್ಗಿ ಬಲ್ಲ ಯಾರಿಗೂ ತಿಳಿಯುವ ವಿಷಯ, ಸಾಫ್ಟ್‌ವೇರ್ ಮಾಡಿದವರಿಗೆ ಹೊಳೆಯಲಿಲ್ಲ. ಕೆಲವೇ ದಿನಗಳಲ್ಲಿ, ಪಟ್ಟಿಯಲ್ಲಿರುವ ಯಾರನ್ನಾದರೂ ಅದೇ ದಿನ ಸೇರಿಸಿಕೊಳ್ಳಲು ಬಿಟ್ಟರು. ಆಮೇಲೆ ಪರದಾಟ ಕಡಿಮೆಯಾಯಿತು.

ಇಂಗ್ಲೆಂಡಿನಲ್ಲಿ ಆಸ್ಪತ್ರೆಯೊಳಗೇ ಲಸಿಕೆ ಇದ್ದದ್ದು ಈ ವಿಷಯದಲ್ಲಿ ಅನುಕೂಲವಾಯಿತು. ಸಂಜೆ ನಾಲ್ಕು ಡೋಸ್ ಉಳಿದರೆ ಹತ್ತಿರದ ವಾರ್ಡಿಗೆ ಒಂದು ಫೋನ್ ಸಾಕು. ಅದಕ್ಕಿಂತ ಸ್ವಾರಸ್ಯದ ಸಂಗತಿ ಆರನೇ ಡೋಸಿನದು. ಆಗಿನ ಫೈಜರ್ ವಯಲ್‌ನಲ್ಲಿ 0.45 ಮಿಲಿ ಲಸಿಕೆ ಇರುತ್ತಿತ್ತು. 1.8 ಮಿಲಿ ಸಲೈನ್ ಸೇರಿಸಿ, ಕುಲುಕದೆ, ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿದರೆ 2.25 ಮಿಲಿ. ಒಬ್ಬರಿಗೆ 0.3 ಮಿಲಿ, ಆರು ಜನಕ್ಕೆ 1.8. ಹಾಗಾದರೆ ಚೀಟಿಯಲ್ಲಿ ಐದು ಅಂತ ಯಾಕಿತ್ತು? ಮಾಮೂಲಿ ಸಿರಿಂಜಿನ ಮೂತಿಯಲ್ಲಿ, ಸೂಜಿಯ ಬುಡದಲ್ಲಿ ಪ್ರತಿ ಸಲ ಒಂದಿಷ್ಟು ಸಿಕ್ಕಿಕೊಂಡು ಉಳಿಯುತ್ತದೆ. ಅದು 0.075 ಮಿಲಿ ಆದರೆ ಆರು ಸಲಕ್ಕೆ 2.25 ಮಿಲಿ ಪೂರ್ತಿ ಖಾಲಿ. ಕೈ ಸ್ವಲ್ಪ ತಪ್ಪಿದರೆ ಆರನೆಯದು ಅರೆಬರೆ. 0.035 ಮಿಲಿಗಿಂತ ಹೆಚ್ಚು ಉಳಿಸಿಕೊಳ್ಳದ ಸಿರಿಂಜು ಸೂಜಿ ಇದ್ದರೆ ಆರು ನಿರಾಳ. ಆಗಲೂ ಎರಡು ವಯಲ್‌ಗಳ ತಳ ಸೇರಿಸಿ ಒಂದು ಡೋಸ್ ಮಾಡುವಂತಿಲ್ಲ. ಇಂಥ ಚಾಣಾಕ್ಷತನ ಬ್ರಿಟನ್ನಿನ ಸೊತ್ತೇನಲ್ಲ. ನಮ್ಮ ನೆರೆಯ ಕೇರಳ 2021ರ ಮೇ ಮೊದಲ ವಾರದಲ್ಲಿ ಕೊಟ್ಟ ಲೆಕ್ಕ: ಬಂದದ್ದು 73,38,806 ಡೋಸ್, ಹಾಕಿದ್ದು 74,26,164. ವಯಲ್‌ನಲ್ಲಿ ಕಂಪನಿ ತುಂಬಿರುವ ಚೂರು ಹೆಚ್ಚಿನದನ್ನೂ ಅಲ್ಲಿನ ನರ್ಸುಗಳು ಬಿಡಲಿಲ್ಲ.

ಡ್ಯೂಟಿ ಪಟ್ಟಿಯ ವಿಷಯದಲ್ಲಿ ಎರಡು ಕಡೆಯೂ ಕಲಿಯುವುದಿದೆ. ಕೋವಿಶೀಲ್ಡ್‌ನ ಮೊದಲ ಡೋಸಿಗೆ, ಫೈಜರ್‌ನ ಎರಡನೆಯದಕ್ಕೆ ಜ್ವರ, ಮೈಕೈ ನೋವು ಹೆಚ್ಚು, ಒಂದೆರಡು ದಿನ. ಐಸಿಯುವಿನ ಒಂದು ಪಾಳಿಗೆ ಪಾಳಿಯನ್ನೇ ಒಂದೇ ದಿನ ಕೂರಿಸಿ ಹಾಕಿದರೆ ಮಾರನೇ ದಿನ ಬೆಡ್ ಪಕ್ಕ ನಿಲ್ಲಲು ಜನ ಸಿಗುವುದಿಲ್ಲ. ಒಂದು ಪಾಳಿಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ, ಅದೂ ವಾರದ ರಜೆಯ ಹಿಂದಿನ ದಿನವಾದರೆ ಒಳ್ಳೆಯದು. ನಮ್ಮಲ್ಲಿ ಬೆಳಿಗ್ಗೆ 9ರಿಂದ ಸಂಜೆ 5 ಅನ್ನುವ ಕಚೇರಿ ವೇಳೆಯನ್ನೇ ಲಸಿಕೆಗೂ ಇಟ್ಟಿದ್ದರು. ರಾತ್ರಿ ಡ್ಯೂಟಿ ಮುಗಿಸಿ ಎಂಟಕ್ಕೆ ಹೊರಟ ನರ್ಸ್ ಒಂಬತ್ತರ ತನಕ ಕಾಯಬೇಕು, ಆಮೇಲೆ ಚುಚ್ಚಿಸಿಕೊಂಡು ಅರ್ಧ ಗಂಟೆ ಕೂರಬೇಕು. ಈ ವೇಳೆಯ ಕಟ್ಟು ಬಿಚ್ಚಿದ್ದು ಮಾರ್ಚ್ ಶುರುವಿನಲ್ಲಿ, ಅಷ್ಟರಲ್ಲಿ ಸಿಬ್ಬಂದಿಯ ಮೊದಲ ಸುತ್ತು ಮುಗಿಯುತ್ತ ಬಂದಿತ್ತು.

ಎರಡನೇ ಡೋಸಿನಲ್ಲಿ ಭಾರತದ ಸಿಬ್ಬಂದಿ ಅದೃಷ್ಟವಂತರು. 28 ದಿನದ ಅಂತರದಲ್ಲಿ ಫೆಬ್ರವರಿ 13ರಿಂದಲೇ ಸಿಕ್ಕಿತು, ಡೆಲ್ಟಾ ಅಲೆ ಏಳುವ ಮುಂಚೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆ ತನ್ನ ಸಿಬ್ಬಂದಿಯಲ್ಲೇ ನೋಡಿದಾಗ ಎರಡು ಡೋಸ್ ಆದವರಲ್ಲಿ ಆಸ್ಪತ್ರೆಗೆ ಸೇರುವುದು ನೂರಕ್ಕೆ 77ರಷ್ಟು, ಐಸಿಯು 94ರಷ್ಟು ತಗ್ಗಿತ್ತು. ಬ್ರಿಟನ್ ಡಿಸೆಂಬರ್ 30ರಂದು ಅಂತರವನ್ನು 12 ವಾರಕ್ಕೆ ಎಳೆಯಿತು. ತಾರೀಕು ಸಿಕ್ಕಿದ್ದವರನ್ನೂ ಮುಂದೆ ಹಾಕಿತು. ಹೆಚ್ಚು ಜನಕ್ಕೆ ಒಂದಾದರೂ ಸಿಗಲಿ ಅನ್ನುವ ವಾದ ನನಗೂ ಒಪ್ಪಿಗೆ. ಕೊಟ್ಟ ತಾರೀಕು ಕಿತ್ತುಕೊಂಡದ್ದು ಒಪ್ಪಿಗೆಯಿಲ್ಲ.

ಹಾಕಿಸಿಕೊಳ್ಳದವರ ಕಥೆ ಬೇರೆ. ಇಂಗ್ಲೆಂಡಿನ ಲೆಸ್ಟರ್ ನಗರದ ಆಸ್ಪತ್ರೆಗಳ ಸುಮಾರು 19 ಸಾವಿರ ಸಿಬ್ಬಂದಿಯಲ್ಲಿ 2021ರ ಫೆಬ್ರವರಿ ಶುರುವಿಗೆ ಬಿಳಿಯರು ನೂರಕ್ಕೆ 71, ದಕ್ಷಿಣ ಏಷ್ಯಾ ಮೂಲದವರು 59ರ ಹತ್ತಿರ, ಕರಿಯರು 37 ಮಂದಿ ಹಾಕಿಸಿಕೊಂಡಿದ್ದರು. ನಮ್ಮಲ್ಲಿ ಹಿಂಜರಿಕೆ ಬಂದದ್ದು ಕೋವ್ಯಾಕ್ಸಿನ್‌ನ ಒಪ್ಪಿಗೆ ಪತ್ರದಿಂದ. ಮೂರನೇ ಹಂತದ ಪ್ರಯೋಗದ ಫಲಿತಾಂಶ ಬರುವ ಮುಂಚೆಯೇ ಸಹಿ ಕೇಳಿದರೆ ಓದಿಕೊಂಡವರೇ ಮೊದಲು ಹಿಂದೆ ಸರಿಯುತ್ತಾರೆ. ಅದು ಅಂಜಿಕೆಯಲ್ಲ, ಕೆಲಸ ಗೊತ್ತಿದ್ದವರ ಪ್ರಶ್ನೆ. ಉತ್ತರ ಕೊಡಬೇಕಾದವರು ಅದೇ ವಾರ್ಡಿನ, ಅದೇ ಭಾಷೆಯ ಹಿರಿಯ ಸಿಸ್ಟರ್, ಮೇಲಿನಿಂದ ಬಂದ ಸುತ್ತೋಲೆಯಲ್ಲ. ಇಂಗ್ಲೆಂಡ್ ಕೊನೆಗೆ ಕಡ್ಡಾಯದ ದಾರಿ ಹಿಡಿಯಿತು. ವೃದ್ಧಾಶ್ರಮದವರಿಗೆ 2021ರ ನವೆಂಬರ್ 11ರಿಂದ ಲಸಿಕೆ ಇಲ್ಲದಿದ್ದರೆ ಕೆಲಸ ಇಲ್ಲ, ಆಸ್ಪತ್ರೆಯವರಿಗೆ 2022ರ ಏಪ್ರಿಲ್ 1ರಿಂದ ಎಂದಿತು. ಆಸ್ಪತ್ರೆಯ ಸರದಿ ಬರುವ ಮುಂಚೆಯೇ, ಮಾರ್ಚ್ 15ಕ್ಕೆ, ಎರಡೂ ನಿಯಮ ರದ್ದು. ಅಷ್ಟರಲ್ಲಿ ವೃದ್ಧಾಶ್ರಮಗಳಲ್ಲಿ ಕೆಲಸ ಹೋದವರಿಗೆ ಅದರಿಂದ ಏನೂ ವಾಪಸ್ ಬರಲಿಲ್ಲ.